ಕಡ್ಡಿ ಗೀರುವ ಮುಂಚೆ

ಗೆಳೆಯರೇ, ಇವತ್ತು ಬೆಳಿಗ್ಗೆ ಕಡ್ಡಿ ಗೀರುವುದೊಂದೇ ಬಾಕಿ ಇತ್ತು. ಹೊಲದ ಬದುವಿನಲ್ಲಿ ಕಡಿದಿದ್ದ ಜಾಲಿ ಕಂಟಿ ರಾಶಿಯಾಗಿ ಒಣಗಿತ್ತು. ಬೆಂಕಿ ಹರಿಯದಂತೆ ಸುತ್ತಲೂ ಕುಂಟೆ ಹೊಡೆಸಿ, ಡ್ರಮ್ಮಿನಲ್ಲಿ ನೀರು ತುಂಬಿಟ್ಟಿದ್ದೆ. ಗಾಳಿಯೂ ನಿಂತಿತ್ತು.

"ಮೊದಲ ಬಡಿಗಿಲೆ ಬಡೀರಿ. ಒಳಗ ಏನರ ಜೀವ ಇರತೈತಿ," ಎಂದಳು ಹೆಂಡತಿ.

ಹಾವೋ ಮೊಲವೋ ನೋಡೇಬಿಡೋಣವೆಂದು ಬಡಿದೆ. ಕೊಕ್ಕೋ ಎಂದು ಬೈಯುತ್ತಾ ಹೊರಬಂದದ್ದು ಕೋಳಿ! ಬಾಜು ಹೊಲದ ಮಾಬೂಬಿ ಚಾಚಿಯದು. ಅದು ಕಳೆದುಹೋದಾಗಿನಿಂದ "ನನ್ನ ಕೋಳಿ ಇವನ ಹೊಟ್ಟ್ಯಾಗ ಐತಿ" ಎಂದು ನನ್ನ ಮೇಲೆ ಊರೆಲ್ಲ ಸಾರುತ್ತಿದ್ದಳು. ಕೂಗಿ ಕರೆದೆ.

ಚಾಚಿ ಬರುವಷ್ಟರಲ್ಲಿ ಕೋಳಿ ಮತ್ತೆ ಒಳಹೊಕ್ಕು ತತ್ತಿಗಳ ಮೇಲೆ ಕೂತಿತ್ತು.

"ಈಗರ ಹೇಳ್ರಿ ಚಾಚಿ, ಯಾರ ಹೊಟ್ಟ್ಯಾಗ ಐತಿ?"

"ಅದಿರ್ಲಿ. ಕಡ್ಡಿಪೆಟಗಿ ಇಲ್ಲಿ ಕೊಡು. ಮರಿ ಹೊರಗ ಬರೂತನಕ ಬೆಂಕಿ ಇಲ್ಲ."

"ತತ್ತಿ ಎತ್ತಿ ನಿಮ್ಮ ಬುಟ್ಟ್ಯಾಗ ಇಟ್ಕೋರಿ."

"ಜಾಗಾ ಬದಲಾದ್ರ ಕಾವು ಬಿಡತೈತಿ. ಅಷ್ಟೂ ತಿಳಿಯೂದಿಲ್ಲೇನ ನಿನಗ?"

ಕಡ್ಡಿಪೆಟ್ಟಿಗೆ ಆಕೆಯ ಸೆರಗಿಗೆ ಸೇರಿತು. ಹೋಗಲಿ, ಕೋಳಿಕಳ್ಳನೆಂಬ ಹೆಸರಾದರೂ ಅಳಿಯಿತಲ್ಲ ಎಂದು ಮಧ್ಯಾಹ್ನ ಚಹಾದಂಗಡಿಗೆ ಹೋದರೆ ಅಲ್ಲಿ ಹೊಸ ಸುದ್ದಿ ಕಾದಿತ್ತು. ನಾನು ಚಾಚಿಯ ಕೋಳಿಯನ್ನು ತತ್ತಿ ಸಮೇತ ಸುಡಲು ಹೋಗಿದ್ದೆನಂತೆ.