ರಿಪೇರಿ ಸಾಕು

ನಮ್ಮ ಬೀದಿಯಲ್ಲಿ ಯಾವ ಮನೆಯ ಗಂಡ ಹೆಂಡತಿ ಜಗಳವಾಡಿದರೂ ನಡುವೆ ನನ್ನ ಭಾವನ ಹೆಸರು ಬಂದೇ ಬರುತ್ತದೆ. "ಆ ಹಾಸಿಗೆಯವರನ್ನ ನೋಡಿ ಕಲೀರಿ, ಹೆಂಡತೀನ ಅಂಗೈಯಲ್ಲಿಟ್ಟು ನೋಡ್ಕೊಳ್ತಾರೆ" ಎಂದು ಹೆಂಗಸರು ಹೇಳುತ್ತಾರೆ. ಗಂಡಂದಿರು ಭಾವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ನಾನೂ ಅವರನ್ನು ಹೊಗಳಿ ಅಟ್ಟಕ್ಕೇರಿಸಿದವಳೇ. ಅಕ್ಕನ ಗಂಡ ಅಂದರೆ ಹೀಗಿರಬೇಕು ಎಂದು ನಮ್ಮ ಬಸ್ಸಿನ ಡ್ರೈವರಿಗೆ ಹೇಳಿ ಹೇಳಿ ತಲೆ ತಿಂದಿದ್ದೇನೆ.

ಭಾವ ಹಾಸಿಗೆ ಮಾಡುವವರು. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಅವರು ಹತ್ತಿ ಹಿಂಜಿ ತುಂಬುತ್ತಾರೆ. ಒಳಕೋಣೆಯಲ್ಲಿ ಅಕ್ಕ ಕೂತು ಗವಸು ಹೊಲಿಯುತ್ತಾಳೆ. ಎಲ್ಲಿ ನೋಡಿದರೂ ಹತ್ತಿ. ಕಿಟಕಿಯ ಸರಳಿಗೆ ಹತ್ತಿ, ಗಡಿಯಾರದ ಮುಳ್ಳಿಗೆ ಹತ್ತಿ, ಭಾವನ ಹುಬ್ಬಿಗೆ ಹತ್ತಿ. ಅಲ್ಲಿಗೆ ಹೋದರೆ ಯೂನಿಫಾರ್ಮ್ ಒದರಿಕೊಂಡೇ ನಾನು ಡ್ಯೂಟಿಗೆ ಹೊರಡಬೇಕು. ನಾನು ಬಸ್ ಕಂಡಕ್ಟರ್, ಮನೆ ಅದೇ ಬೀದಿಯ ಕೊನೆಯ ತಿರುವಿನಲ್ಲಿ. ದಿನವಿಡೀ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಜನರ ಮೇಲೆ ಅರಚಿ ಬರುತ್ತೇನೆ. ಬಂದ ಮೇಲೆ ಅಕ್ಕನ ಮನೆಗೆ ಹೋಗಿ "ಹೊರಗೆ ಬಾರೇ, ಹೊರಗೆ ಬಾರೇ" ಎಂದು ಅರಚಬೇಕು. ಎರಡು ಕಡೆಯೂ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಕ್ಕ ಹೊಸಿಲು ದಾಟದೆ ಎಷ್ಟೋ ವರ್ಷವಾಗಿತ್ತು. ಯಾರೂ ಕೂಡಿಹಾಕಿದ್ದಲ್ಲ, ಕಾಲು ಮುರಿದದ್ದೂ ಅಲ್ಲ. ಒಂದು ಸಲ ಪೇಟೆಯ ಜನಸಂದಣಿಯಲ್ಲಿ ಎದೆ ಡವಡವ ಎಂದು, ಉಸಿರು ಸಿಕ್ಕಿಕೊಂಡು, ತರಕಾರಿ ಚೀಲದ ಸಮೇತ ಕುಸಿದು ಬಿದ್ದಳು. ಜನ ಸುತ್ತ ನಿಂತು ನೋಡಿದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ದೇಹಕ್ಕೇನೂ ಆಗಿಲ್ಲ, ಹೆದರಿಕೆ ಅಷ್ಟೆ. ದಿನಾ ಸ್ವಲ್ಪ ಸ್ವಲ್ಪ ಹೊರಗೆ ಓಡಾಡಿಸಿ" ಎಂದರು. ಮಾರನೆಯ ದಿನ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದಾಗ ಭಾವ, "ನೀನ್ಯಾಕೆ ಹೋಗ್ತೀಯ, ನಾನಿಲ್ವಾ? ಏನು ಬೇಕು ಹೇಳು, ತರ್ತೀನಿ" ಎಂದರು. ಎಷ್ಟು ಒಳ್ಳೆಯ ಮಾತು! ಅದರ ಮಾರನೆಯ ದಿನವೂ ಅದೇ ಮಾತು. ಬರಬರುತ್ತಾ ಅಕ್ಕನಿಗೆ ಬಾಗಿಲ ಹತ್ತಿರ ಬಂದರೇ ಕೈಕಾಲು ತಣ್ಣಗಾಗತೊಡಗಿದವು.

ಮದುವೆಯಾಗಲಿ ಸಾವಾಗಲಿ, ಭಾವ ಒಬ್ಬರೇ ಹೋಗಿ ಬರುವರು. ಬಂದು, ಯಾರು ಏನು ಉಟ್ಟಿದ್ದರು, ಯಾರು ಅತ್ತರು, ಯಾರು ಅತ್ತಂತೆ ಮಾಡಿದರು ಎಂದು ನಟಿಸಿ ತೋರಿಸುವರು. ಸತ್ತವರ ಮನೆಯಲ್ಲಿ ಚಪ್ಪಲಿ ಅದಲುಬದಲಾಗಿ ಇಬ್ಬರು ನೆಂಟರು ಕಿತ್ತಾಡಿದ್ದನ್ನು ಭಾವ ಮಾಡಿ ತೋರಿಸಿದಾಗ ಅಕ್ಕ ಹೊಲಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸುಳ್ಳು ಹೇಳಬಾರದು, ಆ ಮನೆಯಲ್ಲಿ ನಗು ಇತ್ತು.

ಇನ್ನು ಆ ಮನೆಯ ಚಾವಣಿ. ಹಳೇ ಹೆಂಚು, ಹಳೇ ಮರ. ವರ್ಷ ವರ್ಷ ಬಿರುಗಾಳಿಯ ಕಾಲ ಹತ್ತಿರ ಬಂದಾಗ ಭಾವ ತಾವೇ ಏಣಿ ಹತ್ತಿ ಒಡೆದ ಹೆಂಚು ಬದಲಾಯಿಸಿ, ಸಂದಿಗೆ ಸಿಮೆಂಟು ಮೆತ್ತಿ, ಟಾರು ಬಳಿದು ಬರುತ್ತಿದ್ದರು. ಹೀಗೆ ತೇಪೆಯ ಮೇಲೆ ತೇಪೆ. ಹೋದ ಮಳೆಗಾಲದಲ್ಲಿ ಹೊಲಿದು ಮುಗಿಸಿದ್ದ ಒಂದು ಜೋಡಿ ಹಾಸಿಗೆ ರಾತ್ರೋರಾತ್ರಿ ನೆನೆದು, ಇಬ್ಬರು ಎತ್ತಿದರೂ ಏಳದಷ್ಟು ಭಾರವಾಗಿ, ಮೂರು ದಿನಕ್ಕೆ ಮುಗ್ಗಲು ಹಿಡಿದವು. ಈ ವರ್ಷ ಬೇಸಿಗೆ ಮುಗಿಯುವ ಮೊದಲೇ ಒಂದು ಹೆಂಚು ಸುಮ್ಮನೆ, ಗಾಳಿಯಿಲ್ಲ ಮಳೆಯಿಲ್ಲ, ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕ ಬಂದು ಬಿತ್ತು. ಅಕ್ಕ ಉರುಳಿಹೋದ ಗುಂಡಿ ಹುಡುಕಲು ಆಚೆ ಪಕ್ಕಕ್ಕೆ ಬಗ್ಗಿದ್ದರಿಂದ ಉಳಿದಳು.

ನನಗೆ ಪಿತ್ತ ನೆತ್ತಿಗೇರಿತು. ಭಾವನನ್ನು ಕೇಳಲೂ ಇಲ್ಲ, ನಾನೇ ಹೋಗಿ ಹೆಂಚಿನವನನ್ನು ಕರೆತಂದೆ. ಊರಿನ ಅರ್ಧ ಮನೆಗಳ ಚಾವಣಿ ಮಾಡಿದವನು, ಮಾತು ಕಡಿಮೆ. ಏಣಿ ಹತ್ತಿ ನಡುತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದ. ನೆನೆದ ಸೋಪಿನೊಳಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು.

"ತೊಲೆ ಪೂರ್ತಿ ಗೆದ್ದಲು. ಇಷ್ಟು ವರ್ಷ ಮೆತ್ತಿದ್ದೀರಲ್ಲ ಸಿಮೆಂಟು, ಅದರ ಭಾರ ಬೇರೆ. ಎಲ್ಲಾ ಇಳಿಸಿ ಹೊಸದು ಹಾಕ್ಬೇಕು. ಎರಡು ವಾರ ಮನೆ ಖಾಲಿ ಮಾಡ್ಕೊಡಿ."

"ರಿಪೇರಿ?" ಎಂದರು ಭಾವ.

"ಕಂಬ ಊರಿ, ಮೇಲೆ ಟಾರ್ಪಾಲು ಹೊದಿಸಬಹುದು. ನಿಂತ್ರೆ ನಿಂತೀತು. ಇಲ್ಲಾಂದ್ರೆ ನಾನು ಹೊಣೆಗಾರ ಅಲ್ಲ."

"ರಿಪೇರಿ ಸಾಕು" ಎಂದರು ಭಾವ. ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅವಳನ್ನ ಹೊರಗೆ ಕರ್ಕೊಂಡು ಹೋಗೋದು ಹೇಗೆ? ನಿಮಗೆ ಗೊತ್ತಿಲ್ಲದ್ದಾ?" ಎಂದರು. ಹೆಂಚಿನವನ ಮನಸ್ಸು ಕೂಡ ಕರಗಿಹೋಯಿತು. ಯಾವಾಗ ಬೇಕಾದರೂ ಹೇಳಿ ಕಳಿಸಿ ಎಂದು ಹೊರಟುಹೋದ.

ನನ್ನ ಸಿಟ್ಟೆಲ್ಲ ಅಕ್ಕನ ಮೇಲೆ ತಿರುಗಿತು. ಭಾವ ಕೈಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಗಿರಾಕಿಯ ಮನೆಗೆ ಹೋಗಿದ್ದಾಗ ಅವಳ ಮುಂದೆ ಹೋಗಿ ಕೂತೆ. "ನಿನ್ನ ಹೆದರಿಕೆಗೆ ಆ ಮನುಷ್ಯ ಇನ್ನೆಷ್ಟು ವರ್ಷ ಏಣಿ ಹತ್ತಬೇಕು? ತೊಲೆ ಬಿದ್ರೆ ಇಬ್ಬರೂ ಅದರ ಕೆಳಗೆ ಸಿಕ್ಕಿ ಸಾಯ್ತೀರ. ನಾಲ್ಕು ಮನೆ ದಾಟಿದ್ರೆ ನನ್ನ ಮನೆ. ಎರಡು ವಾರ ಬಂದಿರೋಕೆ ನಿನಗೇನು ರೋಗ?"

ಅಕ್ಕ ಸೂಜಿ ಕೆಳಗಿಟ್ಟಳು. "ಬರಲ್ಲ ಅಂತ ನಿನಗೆ ಹೇಳಿದ್ಯಾರು?"

"ಯಾರು ಹೇಳ್ಬೇಕು? ಊರಿಗೇ ಗೊತ್ತು."

"ನೀನು ಅರಚೋದೇ ಹೊರತು, ಬರ್ತೀಯಾ ಅಂತ ನನ್ನನ್ನ ಯಾರೂ ಕೇಳೇ ಇಲ್ಲ. ಅವರು ನನಗೋಸ್ಕರ ಉತ್ತರ ಹೇಳಿ ಹೇಳಿ, ನನಗೂ ಅದೇ ಅಭ್ಯಾಸ ಆಗೋಯ್ತು. ಸಾಯೋದಾದ್ರೆ ಹೊರಗೆ ಸಾಯ್ತೀನಿ ಕಣೇ, ಈ ಹೆಂಚಿನ ಕೆಳಗೆ ಬೇಡ. ಕೈ ಕೊಡು" ಎಂದಳು.

ಕೈ ಕೊಟ್ಟೆ.

ಮೊದಲ ದಿನ ಹೊಸಿಲ ಮೇಲೆ ನಿಂತಿದ್ದೇ ಬಂತು. ಬೆವರಿ ನೀರಾಗಿ, ನನ್ನ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. ಆಮೇಲೆ ನನ್ನ ಡ್ಯೂಟಿ ಮಧ್ಯಾಹ್ನಕ್ಕೆ ಮುಗಿದ ದಿನವೆಲ್ಲ, ಭಾವ ಗಾಡಿ ತಳ್ಳಿಕೊಂಡು ಹೋದ ಮೇಲೆ, ನಾವಿಬ್ಬರೂ ಶುರುಮಾಡುವುದು. ಮೆಟ್ಟಿಲು ಇಳಿದಳು. ಬೀದಿ ನಲ್ಲಿಯವರೆಗೆ ಹೋಗಿ ಅದನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದುಕೊಂಡು ನಿಂತಳು. "ಬಿಡೇ, ನೀರಿಗೆ ಬಂದವರು ಕಾಯ್ತಿದ್ದಾರೆ" ಎಂದರೆ ಅಷ್ಟು ಹೆದರಿಕೆಯಲ್ಲೂ ನಗು. ಭಾವನಿಗೆ ಈಗಲೇ ಹೇಳಬೇಡಿ ಎಂದು ಅವರ ಬಾಯಿಗೆ ನಾನೇ ಬೀಗ ಹಾಕಿದ್ದೆ. ನಲ್ಲಿಯ ಎದುರಿನ ಮನೆಗೆ ಯಾವಾಗ ಮಹಡಿ ಬಂತು ಎಂದು ಕೇಳಿದಳು. ಬಂದು ಆರು ವರ್ಷವಾಯಿತು ಎಂದೆ. "ಓ, ಇದೇನಾ ಅದು? ಇವರು ಹೇಳಿದ್ರು, ನಾನು ಬೇರೆ ಥರ ಅಂದ್ಕೊಂಡಿದ್ದೆ" ಎಂದಳು. ಅವಳು ದಾಟಿದ ಒಂದೊಂದು ಬಾಗಿಲನ್ನೂ ನಾನು ಟಿಕೆಟ್ಟು ಎಣಿಸಿದ ಹಾಗೆ ಎಣಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಮನೆಗೆ ಬಂದೇಬಿಟ್ಟಳು! ಅಡಿಗೆಮನೆಯಲ್ಲಿ ಕೂತು ನೀರು ಕುಡಿದು, ನನ್ನ ಪಾತ್ರೆಗಳನ್ನು ನೋಡಿ, "ಛೀ, ಹೀಗಾ ತೊಳೆಯೋದು?" ಎಂದು ಬೈದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ. ಭಾವ ವಾಪಸು ಬರುವ ದಾರಿ ಅದೇ ತಿರುವಿನಲ್ಲಿ. "ಇಲ್ಲೇ ಜಗಲಿ ಮೇಲೆ ಕೂತಿರ್ತೀನಿ, ನೋಡಿ ಅವರು ಹಾರಿ ಬೀಳ್ಬೇಕು" ಎಂದು ಅಕ್ಕ ತಲೆ ಬಾಚಿಕೊಂಡು ಕೂತಳು. ಹೆಂಚಿನವನಿಗೆ ನಾಳೆಯೇ ಬಾ ಎಂದು ನಾನು ಫೋನು ಮಾಡಿದೆ.

ಭಾವ ಖಾಲಿ ಗಾಡಿ ತಳ್ಳಿಕೊಂಡು ಬಂದರು. ಅಕ್ಕನನ್ನು ನೋಡಿದರು. ಗಾಡಿ ಕೈತಪ್ಪಿ ಚರಂಡಿಗೆ ಉರುಳಿತು.

"ಏನಾಯ್ತು? ಬಿದ್ದೆಯಾ? ಯಾರು ಕರ್ಕೊಂಡು ಬಂದ್ರು ನಿನ್ನ?"

"ನಾನೇ ಬಂದೆ" ಎಂದಳು ಅಕ್ಕ, ನಗುತ್ತಾ.

ಅವರು ನಗಲಿಲ್ಲ. "ಮುಖ ನೋಡು, ಹೇಗೆ ಬಿಳುಚಿಕೊಂಡಿದೆ. ಎದೆ ಹೊಡ್ಕೊಳ್ತಿದೆಯಾ? ಹೊಡ್ಕೊಳ್ತಿರುತ್ತೆ. ತಲೆ ಸುತ್ತುತ್ತಿದೆಯಾ?" ಕೇಳುತ್ತಾ ಕೇಳುತ್ತಾ ಅವಳ ಹೆಗಲನ್ನು ಬಳಸಿ ಹಿಡಿದು ಎಬ್ಬಿಸಿದರು. "ದಾರಿ ಬಿಡಿ, ದಾರಿ ಬಿಡಿ" ಎಂದು ಇಲ್ಲದ ಜನರಿಗೆ ಕೂಗಿದರು. ಆ ಕೂಗಿಗೆ ಜನ ನಿಜವಾಗಿಯೂ ಸೇರಿದರು. ಕಿಟಕಿ ಕಿಟಕಿಯಲ್ಲಿ ತಲೆ. ನನ್ನ ಕಣ್ಣೆದುರೇ ಅಕ್ಕನ ನಗು ಆರಿತು, ತುಟಿ ಅದುರಿತು, ಕಾಲು ಮಡಚಿಕೊಂಡವು. ಅರ್ಧ ದಾರಿಯಿಂದ ಅವಳನ್ನು ಎತ್ತಿಕೊಂಡೇ ಹೋದರು. "ಅಯ್ಯೋ, ಎಂಥ ಗಂಡ!" ಎಂದು ಯಾರೋ ಕಣ್ಣೊರೆಸಿಕೊಂಡರು. ನನಗೆ ಗಾಡಿಯ ಚಕ್ರ ಒದೆಯಬೇಕೆನ್ನಿಸಿತು, ಒದ್ದೆ.

ಮಾರನೆಯ ಬೆಳಿಗ್ಗೆ ಹೆಂಚಿನವನು ಬಂದ. ನಾನು ರಜೆ ಹಾಕಿ ಹೋಗಿದ್ದೆ. ಅಕ್ಕ ಬಟ್ಟೆಯ ಚೀಲ ಹಿಡಿದುಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು, ಆದರೂ ನಿಂತಿದ್ದಳು.

"ಕಂಬ ತಂದಿದ್ದೀರಾ?" ಎಂದು ಭಾವ ಹೆಂಚಿನವನನ್ನು ಕೇಳಿದರು. "ರಿಪೇರಿ ಸಾಕು."

"ನಾನು ಹೊರಟಿದೀನಲ್ಲ" ಎಂದಳು ಅಕ್ಕ.

"ನಿನ್ನೆ ಏನಾಯ್ತು ನೋಡಿದ್ವಲ್ಲ."

"ನಿನ್ನೆ ನೀವು ಬರೋ ತನಕ ಏನೂ ಆಗಿರಲಿಲ್ಲ."

ನಾನು ನಡುವೆ ನುಗ್ಗಿದೆ. "ಅವಳು ತನ್ನ ಕಾಲಲ್ಲೇ ನನ್ನ ಮನೆ ತನಕ ಬಂದಿದ್ದಾಳೆ ಭಾವ! ತೊಲೆ ತಲೆ ಮೇಲೆ ಬೀಳೋ ಹಾಗಿದೆ, ಮನೆ ಬಿಡಕ್ಕೆ ಅವಳು ತಯಾರಿದ್ದಾಳೆ. ನಿಮಗೆ ಬೇಡದೆ ಇರೋದು ಏನು? ಅವಳು ಹೊರಗೆ ಹೋಗೋದೇ ಬೇಡ್ವಾ?"

"ಹೌದು, ಬೇಡ!" ಎಂದರು ಭಾವ. ಅವರು ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹತ್ತಿಯ ರಾಶಿಯ ಮೇಲೆ ಕುಸಿದು ಕೂತರು. "ಇಷ್ಟು ವರ್ಷ ಅವಳಿಗೆ ಪೇಟೆ ನಾನು, ಬೀದಿ ನಾನು, ಸುದ್ದಿ ನಾನು. ಸಾಯಂಕಾಲ ನಾನು ಬರೋದನ್ನೇ ಕಾಯ್ತಿರ್ತಾಳೆ. ಎಲ್ಲಾ ಅವಳೇ ಹೋಗಿ ನೋಡ್ಕೊಂಡು ಬಂದ್ರೆ ನಾನು ಬಂದು ಏನು ಹೇಳ್ಲಿ? ನನ್ನ ಹತ್ರ ಇನ್ನೇನಿದೆ? ಹೊರಗೆ ಯಾರಾದ್ರೂ ನನ್ನನ್ನ ಎರಡು ನಿಮಿಷ ಮಾತಾಡಿಸ್ತಾರಾ? ಹತ್ತಿ ತುಂಬೋನು ನಾನು." ಹೇಳಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಹೆಂಚಿನವನು ಚಾವಣಿ ನೋಡುತ್ತಾ ನಿಂತ.

ನಾನು ಅಕ್ಕನ ಕಡೆ ನೋಡಿದೆ. ಈಗಲಾದರೂ ಹೊರಡು, ಈಗ ಹೊರಡದಿದ್ದರೆ ಇಲ್ಲ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ನೋಡಿದ್ದು ಗಂಡನ ಬೆನ್ನನ್ನು. ಆಮೇಲೆ ಚೀಲ ಗೋಡೆಗೊರಗಿಸಿಟ್ಟು, ಹೋಗಿ ಅವರ ತಲೆಯಲ್ಲಿದ್ದ ಹತ್ತಿ ತೆಗೆಯತೊಡಗಿದಳು.

"ಕಂಬ ಊರಿಬಿಡಿ" ಎಂದಳು ಹೆಂಚಿನವನಿಗೆ.

ಊರಿದ. ಒಳಕೋಣೆಯ ನಟ್ಟನಡುವೆ ಎರಡು ಕಬ್ಬಿಣದ ಕಂಬ, ಮೇಲೆ ನೀಲಿ ಟಾರ್ಪಾಲು. ಮಿಷನ್ನಿನಿಂದ ಅಡಿಗೆಮನೆಗೆ ಹೋಗಬೇಕಾದರೆ ಅಕ್ಕ ಮೈ ಓರೆ ಮಾಡಿಕೊಂಡು ನುಸುಳಬೇಕು.

ಗಾಳಿ ಮಳೆ ಬಂತು. ಎಂಥ ಗಾಳಿ ಅಂತೀರಿ! ನಮ್ಮ ಡಿಪೋದ ತಗಡು ಹಾರಿ ಹೋಯಿತು, ಮಹಡಿ ಮನೆಯ ನೀರಿನ ಟ್ಯಾಂಕು ಬೀದಿಗೆ ಬಿತ್ತು. ನಾನು ನನ್ನ ಮನೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತು, ಅವರಿಬ್ಬರಿಗೂ ಏನೂ ಆಗದೆ ಆ ಚಾವಣಿ ಮಾತ್ರ ಬಿದ್ದುಹೋಗಲಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ, ನಾಚಿಕೆಯೇನಿಲ್ಲ. ಬೀಳಲಿಲ್ಲ. ಒಂದು ಹೆಂಚೂ ಅಲುಗಲಿಲ್ಲ. "ನೋಡು, ಸುಮ್ಮನೆ ಕುಣಿದೆ ನೀನು" ಎಂದು ಬೀದಿಯವರೆಲ್ಲ ನನ್ನನ್ನೇ ಆಡಿಕೊಂಡರು. ಭಾವ ಮೊದಲಿನಂತೆ ನಗುನಗುತ್ತಾ ಟ್ಯಾಂಕು ಬಿದ್ದ ಸದ್ದನ್ನು ಅಕ್ಕನಿಗೆ ಮಾಡಿ ತೋರಿಸಿದರಂತೆ. ಅಕ್ಕ ನಕ್ಕಳಂತೆ.

ಮಳೆ ಬಿಟ್ಟು ಬಿಸಿಲು ಬಂದ ಮೇಲೆ, ಭಾವ ಗಾಡಿ ತಳ್ಳಿಕೊಂಡು ಹೋಗಿದ್ದ ಹೊತ್ತು ನೋಡಿ ಹೋದೆ. "ಏಳೇ, ಅವರು ಬರೋದು ತಡ ಆಗುತ್ತೆ. ನಲ್ಲಿ ತನಕ ಹೋಗಿ ಬರೋಣ. ಅವರಿಗೆ ಗೊತ್ತಾಗೋದೂ ಬೇಡ."

ಅಕ್ಕ ಎದ್ದಳು. ಕಂಬಗಳ ನಡುವೆ ನುಸುಳಿ ಬಾಗಿಲಿಗೆ ಬಂದಳು. ಹೊಸಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಹಣೆಯಲ್ಲಿ ಬೆವರು ಒಡೆಯಿತು. ನಾನು ಕೈ ಚಾಚಿದೆ, ಅವಳು ಹಿಡಿದುಕೊಳ್ಳಲಿಲ್ಲ. ಕಾಲನ್ನು ಹಿಂದಕ್ಕೆಳೆದುಕೊಂಡು ಬಾಗಿಲ ಒಳಗೇ ನೆಲದ ಮೇಲೆ ಕೂತಳು.

"ಆಗ್ತಿಲ್ಲ ಕಣೇ. ನೀನು ಬರೋಕೆ ಮುಂಚೆ ನಾನೊಬ್ಬಳೇ ಎರಡು ಮೂರು ದಿನ ದಾಟೋಕೆ ನೋಡ್ದೆ. ಈ ಸಲ ನಿಜವಾಗ್ಲೂ ಆಗ್ತಿಲ್ಲ."

ನಾನು ಅವಳ ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಗಾಡಿಯ ಚಕ್ರದ ಸದ್ದು ಕೇಳಿಸಿತು. ಅಕ್ಕ ಸೆರಗಿನಿಂದ ಗಡಿಬಿಡಿಯಲ್ಲಿ ಮುಖ ಒರೆಸಿಕೊಂಡಳು.

"ಆಗ್ತಿಲ್ಲ ಅಂತ ಅವರಿಗೆ ಹೇಳ್ಬೇಡ" ಎಂದಳು. "ಕೇಳಿದ್ರೆ ಸಂತೋಷಪಡ್ತಾರೆ. ಆ ಸಂತೋಷಾನ ನನ್ನ ಕೈಯಲ್ಲಿ ನೋಡಕ್ಕಾಗಲ್ಲ."