ಬಿರುಕು ಬಿಟ್ಟ ಆನೆ ಅಚ್ಚು

ದೀಪಾವಳಿ ಮುಗಿಯಿತೆಂದರೆ ಡೊಂಬಿವಲಿಯ ನಮ್ಮ ಅಡುಗೆಮನೆ ಅತ್ತೆಯ ವಶಕ್ಕೆ ಹೋಗುತ್ತದೆ. ಗೌರಿ ಹುಣ್ಣಿಮೆಯವರೆಗೆ ಅವರಿಗೆ ಸಕ್ಕರೆ ಗೊಂಬೆ ಎರೆಯುವುದೇ ಕೆಲಸ. ವಿಜಯಪುರದಿಂದ ತಂದ ಕಟ್ಟಿಗೆಯ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ, ದಾರ ಬಿಗಿದು ಪಾಕ ಹೊಯ್ಯಬೇಕು. ಕಲ್ಯಾಣ, ಥಾಣೆಯಲ್ಲಿರುವ ನಮ್ಮ ಕಡೆಯ ಮಂದಿಯೆಲ್ಲ ಇವರ ಹತ್ತಿರವೇ ಗೊಂಬೆ ಒಯ್ಯುತ್ತಾರೆ. ನನಗೋ, ಗ್ಯಾಸ್ ಕಟ್ಟೆಯ ಅಂಟು ತಿಕ್ಕಿ ತಿಕ್ಕಿ ಸಾಕುಬೇಕಾಗುತ್ತದೆ.

ಈ ವರ್ಷ ನಟ್ಟನಡುವೆ ಆನೆಯ ಅಚ್ಚು ಸೀಳಿತು. ಅತ್ತೆ ಬಿರುಕಿಗೆ ಕಣಕ ಮೆತ್ತಿದರು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು. ಆದರೂ ಪಾಕ ಸೋರಿ, ಸೊಂಡಿಲಿಲ್ಲದ ಆನೆ ಹೊರಬಂತು. ಹೊಸ ಅಚ್ಚು ತರಿಸೋಣವೆಂದರೆ, ಬರುವಷ್ಟರಲ್ಲಿ ಹುಣ್ಣಿಮೆಯೇ ಮುಗಿದಿರುತ್ತದೆ ಎಂದು ನನ್ನ ಮೇಲೇ ಹರಿಹಾಯ್ದರು.

ಅವರ ಮನಸ್ಸು ಕೆಟ್ಟಿದ್ದು ಅಚ್ಚಿನಿಂದಷ್ಟೇ ಅಲ್ಲ. ನನ್ನ ಮಗಳಿಗೆ ಮದುವೆ ಗೊತ್ತಾಗಿತ್ತು. ಅಂಥ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ, ಅಂದರೆ ಆರತಿ ತಟ್ಟೆಗೆ ಇಂಥವೇ ಐದು ಗೊಂಬೆ, ಬರಬೇಕು, ಅದು ನಮ್ಮ ಪದ್ಧತಿ. ಬೀಗರು ಮರಾಠಿಯವರು, ಅವರಿಗೆ ಇದೆಲ್ಲಿ ಗೊತ್ತು? ಫೋನ್ ಮಾಡಿ ತಿಳಿಸುತ್ತೇನೆ ಅಂದೆ.

"ಬಾಯಿಬಿಟ್ಟು ಕೇಳಿ ತರಿಸ್ಕೊಂಡ್ರ ಅದೇನ್ ಆರತಿ? ಸುಮ್ನಿರು ನೀ," ಅಂದರು.

ಊರ ಹುಡುಗಿಯರಿಗೆಲ್ಲ ಗೊಂಬೆ ಎರೆಯುವವರು, ಮೊಮ್ಮಗಳ ತಟ್ಟೆ ಮಾತ್ರ ಬರಿದು.

ಭಾನುವಾರ ಅಳಿಯನಾಗುವವನು ಚಹಾಕ್ಕೆ ಬಂದ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಅವನ ಅಂಗಡಿ. ಅತ್ತೆಯ ಒದ್ದಾಟ ನೋಡಿದವನೇ ಚಹಾ ಅಲ್ಲೇ ಬಿಟ್ಟು, ಸ್ಕೂಟರಿನ ಡಿಕ್ಕಿಯಿಂದ ಪೈಪಿಗೆ ಬಿಗಿಯುವ ಎರಡು ಕ್ಲಾಂಪ್ ತಂದ. ಇಲ್ಲಿ ಕೊಡಿ ಆಜಿ ಎಂದು ಮರಾಠಿಯಲ್ಲಿ ಹೇಳಿ, ನೆಲದ ಮೇಲೆ ಕೂತು ಸ್ಕ್ರೂ ತಿರುಗಿಸಿದ. ಪ್ಯಾಂಟಿಗೆಲ್ಲ ಕಣಕ ಮೆತ್ತಿದರೂ ಪರಿವೆಯಿಲ್ಲ. ಪಾಕವನ್ನೂ ತಾನೇ ಹೊಯ್ಯುತ್ತೇನೆಂದ. ಇಷ್ಟು ವರ್ಷ ನನಗೇ ಮುಟ್ಟಗೊಡದ ಸೌಟನ್ನು ಅತ್ತೆ ಅವನ ಕೈಗೆ ಕೊಟ್ಟೇಬಿಟ್ಟರು ನೋಡಿ!

ಸ್ವಲ್ಪ ಹೊತ್ತು ಬಿಟ್ಟು ಅಚ್ಚು ಬಿಚ್ಚಿದರೆ ಇಡೀ ಆನೆ. ಬಿರುಕು ಇದ್ದಲ್ಲಿ ಮಾತ್ರ ಹೊಟ್ಟೆಯ ಸುತ್ತ ಉಡಿದಾರ ಕಟ್ಟಿದಂತೆ ಒಂದು ಗೆರೆ ಎದ್ದಿತ್ತು. ಅವನು ನಗುತ್ತ, ನಾನು ಮಾಡಿದ ಮೊದಲನೆಯದು ನಿನಗೇ ಎಂದು ಅದನ್ನು ಮಗಳ ಅಂಗೈಯಲ್ಲಿಟ್ಟ. ಅವಳು ಬಾಯಿಗೊಯ್ಯುವಷ್ಟರಲ್ಲಿ ಅತ್ತೆ ಅವಳ ಕೈ ಹಿಡಿದರು.

"ತಿನಬ್ಯಾಡವ್ವಾ, ತಟ್ಟಿಯೊಳಗ ಇಡು. ನಿನ್ನ ಅತ್ತಿ ಮನಿ ಆರತಿ ಬಂತು."

ಆಜಿ ಏನಂದರು ಎಂದು ಅವನು ನನ್ನನ್ನು ಕೇಳಿದ. ನಾನು ಅತ್ತೆಯ ಮುಖ ನೋಡಿದೆ.

ಇನ್ನೂ ನಾಲ್ಕು ಎರೆಯಬೇಕಂತೆ ಅಂದೆ. ಅವನು ಮತ್ತೆ ಸೌಟು ಹಿಡಿದ.