ಎರಡನೇ ಸಲ ಊದಿದರೆ ಏಳೋಣ

ಹೋದ ಭಾನುವಾರಕ್ಕೂ ಹಿಂದಿನ ಭಾನುವಾರ, ಸಂಜೆ. ಸಗರದ ಹತ್ತಿರ ಕಾಲುವೆಯ ತಳದಲ್ಲಿ ನಿಂತ ನೀರಿಗಿಳಿದು ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಮ್ಮೆಲೇ ಎದ್ದರು. ಬಟ್ಟೆ ಅಲ್ಲೇ ಬಿಟ್ಟು ದಡ ಹತ್ತಿದರು. ಅವರ ಹಿಂದೆ ಎಮ್ಮೆಗಳೂ ಹತ್ತಿದವು, ಯಾರೂ ಅಟ್ಟದೆ. ಎಲ್ಲರೂ ಮೇಲೆ ನಿಂತು ನೀರು ಬರುವ ದಿಕ್ಕಿಗೇ ನೋಡತೊಡಗಿದರು. ನೀರು ಬರಲಿಲ್ಲ.

ಇದನ್ನು ನಾನು ಅಕ್ಕನ ಮನೆಯ ಮಾಳಿಗೆ ಮೇಲಿಂದ ನೋಡಿದೆ. ಹೊತ್ತು ಮುಳುಗಿತು, ಮನೆಗೆ ಹೊರಟಿರಬೇಕು ಅಂದುಕೊಂಡೆ. (ಮಾಸ್ತರಿಕೆ ಮಾಡಿದವರಿಗೆ ಎಲ್ಲದಕ್ಕೂ ಒಂದು ಕಾರಣ ತಕ್ಷಣ ಹೊಳೆಯುತ್ತದೆ.)

ಆದರೆ ನಮ್ಮ ಗಮನವೆಲ್ಲ ಇಂಜಿನ್ನಿನ ಮೇಲಿತ್ತು. ಅಕ್ಕನ ಗಂಡ ಶರಣಪ್ಪ ಮಾಮಾ ಯಾದಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ಕೊಟ್ಟು ರಿಟೈರ್ ಆದವರು. ಈಗಷ್ಟೇ ಕಾಲುವೆ ದಂಡೆಗೆ ಮನೆ ಮಾಡಿದ್ದಾರೆ. ಇಲ್ಲಿ ರೈಲಿನ ಸದ್ದಿಲ್ಲ, ಅವರಿಗೆ ನಿದ್ದೆಯಿಲ್ಲ. ಹಾಗಾಗಿ ತಗಡಿನಲ್ಲಿ ಮೊಳದುದ್ದದ ಉಗಿ ಇಂಜಿನ್ ಮಾಡಿದ್ದಾರೆ. ರಿಮೋಟ್ ಒತ್ತಿದರೆ ಕೂಗಬೇಕು.

ಕೂಗುವುದೇ ಸಮಸ್ಯೆ. ಮೊದಲು ಮೊಬೈಲಿನ ಸ್ಪೀಕರ್ ಹಾಕಿದರು, ಸೊಳ್ಳೆ ಕೂಗಿದ ಹಾಗಾಯಿತು. ರೇಡಿಯೋದ ದುಂಡು ಸ್ಪೀಕರ್ ಹಾಕಿದರು, ತಗಡೆಲ್ಲ ಗಡಗಡ ನಡುಗಿತು. ಕೊನೆಗೆ ಶಹಾಪುರದ ರಿಪೇರಿ ಅಂಗಡಿಯಿಂದ ಹಳೆ ಟೀವಿಯ ಉದ್ದನೆಯ ಸ್ಪೀಕರ್ ನಾನೇ ಒಯ್ದೆ. ಅದು ಇಂಜಿನ್ನಿನ ಹೊಟ್ಟೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಸ್ಪೀಕರ್ ದೊಡ್ಡದಿದ್ರ ಸಾಲದೋ ಮಾಸ್ತರ,” ಅಂದರು ಮಾಮಾ. “ಅದರ ಬೆನ್ನ ಹಿಂದಿನ ಗಾಳಿ ಮುಂದ ಬರಬಾರದು. ಬಂತಂದ್ರ ಮುಂದಿನ ದನೀನ ತಿಂದು ಹಾಕ್ತದ.”

ಹಿಂದೆ ಪ್ಲೈವುಡ್ ಡಬ್ಬಿ ಕೂಡಿಸಿದರು. ಸಂದುಗಳಿಗೆಲ್ಲ ಮೇಣ ತುಂಬಿದರು. ಮಾಳಿಗೆ ಮೇಲಿನ ಖಾಲಿ ನೀರಿನ ಟ್ಯಾಂಕಿನ ಮೇಲೆ ಇಂಜಿನ್ ಇಟ್ಟು ಗುಂಡಿ ಒತ್ತಿದರು. ಎಂಥ ಕೂಗು ಅಂತೀರಿ? ಟ್ಯಾಂಕು, ಮಾಳಿಗೆ, ನನ್ನ ಎದೆ ಎಲ್ಲ ಗುಂಯ್‌ಗುಟ್ಟಿದವು. ಮಾಮಾನ ಕಣ್ಣು ತುಂಬಿ ಬಂತು. ಆ ವಾರವೆಲ್ಲ ದಿನಾ ಸಂಜೆ ಒಮ್ಮೆ ಕೂಗಿಸಿ ಸುಖವಾಗಿ ಮಲಗಿದರಂತೆ.

ಹೋದ ಭಾನುವಾರ ಮತ್ತೆ ಹೋದೆ. ಹಾಲು ಹಾಕುವ ನಿಂಗಮ್ಮ ಅಕ್ಕನ ಹತ್ತಿರ ದನಿ ಇಳಿಸಿ ಮಾತಾಡುತ್ತಿದ್ದಳು.

“ಹಳೇ ಲಸ್ಕರ್ ಊದಾಕತ್ಯಾನ್ರಿ ಅಕ್ಕೋರ.”

ಲಸ್ಕರ್ ಅಂದರೆ ಕಾಲುವೆಯ ಗೇಟ್ ಎತ್ತುವವನು. ನೀರು ಬಿಡುವ ಮೊದಲು ಸೈರನ್ ಊದುತ್ತಾನೆ. ಊದಿದ ಕೂಡಲೇ ಕಾಲುವೆಯಲ್ಲಿದ್ದವರು ಮೇಲೆ ಬರಬೇಕು. ತಡವಾದರೆ ಆ ಪಾಚಿಗಟ್ಟಿದ ಸಿಮೆಂಟಿನ ಇಳಿಜಾರು ಹತ್ತಲಾಗುವುದಿಲ್ಲ. ಹಳೇ ಲಸ್ಕರ್ ಅಲ್ಲೇ ಜಾರಿ ಬಿದ್ದು ಸತ್ತವನು.

“ದಿನಾ ಸಂಜಿಕ ಊದ್ತಾನ್ರಿ. ಎದ್ದು ನಿಂದರತೀವಿ, ನೀರ ಬರಂಗಿಲ್ಲ. ನಮ್ಮತ್ತಿ ಹೇಳ್ಯಾಳ, ಸತ್ತಾವ ಒಂದ ಸಲ ಕರೀತಾನ, ಬದುಕಿದಾವ ಎರಡನೇ ಸಲನೂ ಕರೀತಾನ ಅಂತ. ಈಗ ನಾವು ಮೊದಲನೇ ಸಲಕ್ಕ ಏಳಂಗಿಲ್ರಿ.”

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಕತ್ತಲಾದ ಮೇಲೆ ಹೊರಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಓ ಅನ್ನಬಾರದು. ದೆವ್ವಕ್ಕೆ ಎರಡನೇ ಸಲ ಕರೆಯುವ ತಾಕತ್ತಿಲ್ಲ. (ನಾನೂ ಓ ಅನ್ನುವುದಿಲ್ಲ. ವಿಜ್ಞಾನ ಕಲಿಸುವುದು ಬೇರೆ, ಬಾಗಿಲು ತೆಗೆಯುವುದು ಬೇರೆ.)

ಆದರೆ ಬದುಕಿರುವ ಲಸ್ಕರ್ ಕೂಡ ಊದುವುದು ಒಂದೇ ಸಲ ಅಲ್ಲವೇ?

ನಾನು ಇಂಜಿನ್ನಿನ ಕಡೆ ನೋಡಿದೆ. ಅಕ್ಕ ಮಾಮಾನ ಮುಖ ನೋಡಿದಳು. “ಅದನ್ನ ತಗೊಂಡು ಕಾಲುವಿಗೆ ನಡೀರಿ,” ಅಂದಳು. “ನೀವ ಹೇಳ್ರಿ.”

ಮಾಮಾ ಇಂಜಿನ್ನನ್ನು ಕಂಕುಳಲ್ಲಿ ಅವುಚಿಕೊಂಡು ಹೋದರು. ನಾವೂ ಹಿಂದೆ. ನಿಂಗಮ್ಮ ಸೀದಾ ಕಾಲುವೆಗಿಳಿದು, ಹೊದೆಯುವ ಕೌದಿಗಳನ್ನು ತುಳಿದು ಒಗೆಯುತ್ತಿದ್ದ ಏಳೆಂಟು ಹೆಂಗಸರ ಜೊತೆ ಸೇರಿದಳು. “ದೆವ್ವ ಅಲ್ರವ್ವಾ, ಊದಿದ್ದು ಇದು,” ಅಂದು ಮಾಮಾ ಗುಂಡಿ ಒತ್ತಿದರು. ಎಮ್ಮೆಗಳು ಎದ್ದು ದಡ ಹತ್ತಿದವು. ಹೆಂಗಸರ ಮುಖ ಒಂದು ಗಳಿಗೆ ಬಿಳುಚಿತು. ಆಮೇಲೆ ನಗು ಶುರುವಾಯಿತು.

“ಇಷ್ಟುದ್ದ ಡಬ್ಬಿಗೆ ಅಂಜೀವಿ ನೋಡ್ರಿ ಸಾಹೇಬ್ರ,” ಅಂದಳು ನಿಂಗಮ್ಮ. ಎಲ್ಲರಿಗೂ ನಿರಾಳ. ನನಗೂ.

ಆಗ ಮತ್ತೆ ಕೂಗು ಕೇಳಿತು. ಉದ್ದಕ್ಕೆ.

“ಸಾಕು ಬಿಡ್ರಿ, ಗೊತ್ತಾತು,” ಅಂದಳು ನಿಂಗಮ್ಮ, ಕೌದಿ ತುಳಿಯುತ್ತಲೇ.

ನಾನು ಮಾಮಾನ ಕೈ ನೋಡಿದೆ. ರಿಮೋಟ್ ಜೇಬಿನಲ್ಲಿತ್ತು. ದಡದ ಮೇಲಿನ ಎಮ್ಮೆಗಳು ಮಾತ್ರ ನೀರು ಬರುವ ದಿಕ್ಕಿಗೆ ನೋಡುತ್ತಿದ್ದವು. ದೆವ್ವ ಅಂತಲೇ ನಂಬಿದ್ದರೆ ಈ ಎರಡನೇ ಕೂಗಿಗೆ ಹೆಂಗಸರೂ ಎದ್ದಿರುತ್ತಿದ್ದರು.

“ಇದು ನಂದಲ್ರವ್ವಾ, ಏಳ್ರಿ,” ಮಾಮಾ ಅರಚಿದರು. ಅದಕ್ಕೂ ನಕ್ಕರು. ಮೇಲಿನ ತಿರುವಿನಲ್ಲಿ, ಕಣದಲ್ಲಿ ಕಾಳು ಎಳೆದ ಹಾಗೆ ಒಂದು ಸದ್ದು ಶುರುವಾಗಿತ್ತು. ಅಕ್ಕ ಸೀರೆ ಮೇಲೆ ಸಿಕ್ಕಿಸಿ ಇಳಿದವಳೇ ನಿಂಗಮ್ಮನ ರಟ್ಟೆ ಹಿಡಿದು ಎಳೆದಳು. ಅಕ್ಕನ ಮುಖ ನೋಡಿದ ಮೇಲೆ ಉಳಿದವರು ಬಿದ್ದು ಎದ್ದು ಹತ್ತಿದರು. ಕೊನೆಯವಳನ್ನು ನಾನೂ ಮಾಮಾನೂ ಸೇರಿ ಮೇಲೆಳೆಯುವಾಗ ನೀರು ಅವಳ ಸೊಂಟಕ್ಕೆ ಬಂದಿತ್ತು. ಕೌದಿಗಳು ಹೋದವು, ಜನ ಉಳಿದರು.

ಮಾಮಾ ಅವತ್ತೇ ಸ್ಪೀಕರ್ ಕಿತ್ತು ನನ್ನ ಕೈಗೆ ಕೊಟ್ಟರು. ಅದೀಗ ತಂತಿಯಿಲ್ಲದೆ ನನ್ನ ಮೇಜಿನ ಮೇಲಿದೆ. ಸಂಜೆಯಾದರೆ ಅದರ ಕಡೆ ನೋಡಲು ನನಗೆ ಭಯ. ನಮ್ಮ ಫೋನು, ಟೀವಿ, ರಿವರ್ಸ್ ತೆಗೆಯುವ ಕಾರು ಎಲ್ಲವೂ ದಿನವಿಡೀ ಎಚ್ಚರಿಕೆ ಅಂತ ಕೂಗುತ್ತವೆ. ಯಾವುದಕ್ಕೆ ಎದ್ದಿದ್ದೇವೆ ಹೇಳಿ?

ಮರುದಿನ ಹಾಲು ಹಾಕಲು ಬಂದ ನಿಂಗಮ್ಮ ಪಾತ್ರೆ ಕೆಳಗಿಟ್ಟು ಅಕ್ಕನನ್ನು ಕೇಳಿದಳಂತೆ: “ದೆವ್ವಕ್ಕಾದ್ರ ಒಂದು ಕಾಯ್ದೆ ಇತ್ರಿ ಅಕ್ಕೋರ. ಮನಷ್ಯಾ ಊದಿದ್ರ ಎಷ್ಟನೇ ಸಲಕ್ಕ ಏಳಬೇಕ್ರಿ?”